ಸ್ಲೇಟಕ್ಕ ಬಿಟ್ಟು ಓದಿದ ಸಾಲು

ಸ್ಲೇಟಕ್ಕನ ಕೈಗುಣ ಒಳ್ಳೆಯದು ಎಂಬ ಮಾತು ಮಾಜಿ ಸೈನಿಕರ ಆ ಆಸ್ಪತ್ರೆಯ ಬೆಂಚುಗಳ ಮೇಲೆ ಬಹಳ ದಿನದಿಂದ ಓಡಾಡುತ್ತಿತ್ತು. ಅವಳು ಡಾಕ್ಟರಲ್ಲ, ನರ್ಸೂ ಅಲ್ಲ. ಮನಸ್ಸಿನ ಕಾಯಿಲೆಗಳ ವಿಭಾಗದ ಹೊರಕೋಣೆಯಲ್ಲಿ ಮೇಜಿನ ಹಿಂದೆ ಕೂತು, ಬಂದವರ ಕೈಗೆ ಟ್ಯಾಬ್ ಕೊಡುವುದು, ಅವರು ಅದರೊಳಗಿನ ಒಂಬತ್ತು ಪ್ರಶ್ನೆಗಳಿಗೆ ಉತ್ತರ ಒತ್ತಿದ ಮೇಲೆ ವಾಪಸು ಇಸಕೊಂಡು ಬಟ್ಟೆಯಲ್ಲಿ ಒರೆಸಿಡುವುದು, ಇಷ್ಟೇ ಅವಳ ಕೆಲಸ. ಟ್ಯಾಬು ಬಂದ ಮೊದಲ ದಿನವೇ ಯಾರೋ ಮುದುಕರು ಅದನ್ನು ಸ್ಲೇಟು ಅಂದರು. ಸ್ಲೇಟು ಕೊಡುವವಳು ಸ್ಲೇಟಕ್ಕ ಆದಳು.

ಸ್ಲೇಟಿನ ರೀತಿ ಸರಳ. ನಿದ್ದೆ ಕೆಟ್ಟಿದೆಯೆ, ಊಟ ಸೇರದೆ ಹೋಗಿದೆಯೆ, ಮನಸ್ಸು ಒಂದು ಕಡೆ ನಿಲ್ಲದೆ ಹೋಗಿದೆಯೆ ಎಂದು ಒಂದೊಂದೇ ಕೇಳುತ್ತ ಹೋಗುತ್ತದೆ. ಪ್ರತಿಯೊಂದಕ್ಕೂ ನಾಲ್ಕು ಉತ್ತರ: ಒಂದು ಸಲವೂ ಇಲ್ಲ, ಕೆಲವು ದಿನ, ಅರ್ಧಕ್ಕಿಂತ ಹೆಚ್ಚು ದಿನ, ಹೆಚ್ಚುಕಡಿಮೆ ದಿನವೂ. ಸೊನ್ನೆಯಿಂದ ಮೂರರವರೆಗೆ ಅಂಕ. ಒಟ್ಟು ಹತ್ತು ಮುಟ್ಟಿದರೆ ತೆರೆಯ ಮೂಲೆಯಲ್ಲಿ ಹಳದಿ ಚುಕ್ಕೆ ಮೂಡುತ್ತದೆ. ಅವರನ್ನು ಒಳಗಿನ ಡಾಕ್ಟರಮ್ಮನ ಹತ್ತಿರ ಕಳಿಸಬೇಕು. ಹತ್ತರೊಳಗಿದ್ದರೆ ಹಸಿರು, ಮಾತ್ರೆ ಚೀಟಿ ಕೊಟ್ಟು ಮನೆಗೆ. ಒಂಬತ್ತನೆಯ ಪ್ರಶ್ನೆಯ ಖದರೇ ಬೇರೆ. ಅದು ಕೇಳುವುದು ಸಾವಿನ ಯೋಚನೆಯನ್ನು. ಉಳಿದ ಎಂಟಕ್ಕೂ ಸೊನ್ನೆ ಇದ್ದು, ಅದೊಂದಕ್ಕೆ ಒಂದೇ ಅಂಕ ಬಿದ್ದರೂ ಸಾಕು, ಕೆಂಪು ಚುಕ್ಕೆ ಎದ್ದು ಒಳಗೆ ಡಾಕ್ಟರಮ್ಮನ ಮೇಜಿನ ಮೇಲೆ ಗಂಟೆ ಬಾರಿಸುತ್ತದೆ.

ಕಣ್ಣಿಗೆ ಪೊರೆ ಬಂದವರು, ಕೈ ನಡುಗುವವರು, ಸಣ್ಣ ಅಕ್ಷರ ಕಂಡರೆ ಬೆವರುವವರು ಬಂದರೆ ಸ್ಲೇಟಕ್ಕ ತಾನೇ ಓದಿ ಹೇಳಿ, ಅವರು ಅಂದದ್ದನ್ನು ತಾನೇ ಒತ್ತುತ್ತಿದ್ದಳು. ಓದುವುದರಲ್ಲಿ ಅವಳದು ಎತ್ತಿದ ಕೈ. ಅಪ್ಪ ದಿನಾ ಸಂಜೆ ಪದ್ಯ ಓದುತ್ತಿದ್ದ ಮನೆ ಅದು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ಇಳಿಸಬೇಕು ಎಂಬುದು ಅವಳಿಗೆ ಹಾಲಿನ ಜೊತೆಗೇ ಬಂದಿತ್ತು. ಆದರೆ ಅದೇ ಮನೆಯ ಮಾತಿನಲ್ಲಿ ಬಳೆ ಒಡೆಯುತ್ತಿರಲಿಲ್ಲ, ಹೆಚ್ಚುತ್ತಿತ್ತು. ದೀಪ ಆರುತ್ತಿರಲಿಲ್ಲ, ಶಾಂತವಾಗುತ್ತಿತ್ತು. ಹಾವು ಬರುತ್ತಿರಲಿಲ್ಲ, ಹುಳು ಬರುತ್ತಿತ್ತು. ಬಾಯಿ ತಪ್ಪಿ ಯಾರಾದರೂ ಸಾವಿನ ಮಾತೆತ್ತಿದರೆ, “ಬಿಡ್ತು ಅನ್ನು! ಅಸ್ತು ದೇವತೆಗಳು ಓಡಾಡ್ತಿರ್ತಾರೆ,” ಎಂದು ಅಮ್ಮ ತುಟಿಯ ಮೇಲೆ ಎರಡು ಬೆರಳು ತಟ್ಟುತ್ತಿದ್ದಳು.

ಹೀಗೆ ಬೆಳೆದ ನಾಲಿಗೆ ಒಂಬತ್ತನೆಯ ಪ್ರಶ್ನೆಯ ಹತ್ತಿರ ಬಂದಾಗ ತಾನಾಗಿಯೇ ಪಕ್ಕಕ್ಕೆ ಸರಿಯುತ್ತಿತ್ತು. “ಕೊನೇದು ಅಣ್ಣ, ಅಂಥ ಕೆಟ್ಟ ಯೋಚನೆ ಏನೂ ಇಲ್ಲ ತಾನೆ?” ಎನ್ನುತ್ತಿದ್ದಳು. “ಇಲ್ಲಕ್ಕ,” ಎನ್ನುತ್ತಿದ್ದರು ಅವರು. ಅವಳು ಸೊನ್ನೆ ಒತ್ತಿ, ದೇವರಿಗೆ ಮನಸ್ಸಿನಲ್ಲೇ ಒಂದು ಕೈ ಮುಗಿಯುತ್ತಿದ್ದಳು. ತಪ್ಪು ಮಾಡುತ್ತಿದ್ದೇನೆ ಎಂದು, ಟ್ಯಾಬು ಬಂದ ಈ ಏಳು ತಿಂಗಳಲ್ಲಿ ಒಂದು ದಿನವೂ ಅವಳಿಗೆ ಅನ್ನಿಸಲಿಲ್ಲ. ಕಹಿ ಗುಳಿಗೆಗೆ ಬೆಲ್ಲ ಸುತ್ತಿ ಕೊಟ್ಟರೆ ತಪ್ಪೆನ್ನುವವರು ಯಾರು?

ಆ ಮಂಗಳವಾರ ಹತ್ತು ಗಂಟೆಗೆ ಮೆಲ್ಲಗಣ್ಣ ಬಂದ. ಸೈನ್ಯದಲ್ಲಿದ್ದಾಗ ನೆಲದಲ್ಲಿ ಹೂತಿಟ್ಟ ಬಾಂಬುಗಳನ್ನು ಹುಡುಕಿ ತೆಗೆಯುವ ಕೆಲಸ ಅವನದು. ಹದಿನಾಲ್ಕು ವರ್ಷ ತೆಗೆದ. ಹದಿನೈದನೆಯ ವರ್ಷ ಒಂದು ಬಾಂಬು ಅವನ ಎರಡೂ ಕೈಯ ಬೆರಳ ತುದಿಗಳನ್ನು ಸುಟ್ಟುಹಾಕಿ, ಹಿಂದೆ ನಿಂತಿದ್ದ ಜೊತೆಗಾರನನ್ನು ಪೂರ್ತಿಯಾಗಿ ತೆಗೆದುಕೊಂಡು ಹೋಯಿತು. ಈಗ ಬಸ್ ನಿಲ್ದಾಣದಲ್ಲಿ, ಪ್ರಯಾಣಿಕರು ಮರೆತುಹೋದ ಸಾಮಾನುಗಳನ್ನಿಡುವ ಕೋಣೆ ನೋಡಿಕೊಳ್ಳುತ್ತಿದ್ದ. ಯಾರದೆಂದು ತಿಳಿಯದ ಚೀಲ ಸಿಕ್ಕಿತೆಂದರೆ ಉಳಿದವರು ಮಾರು ದೂರ ಹಾರುತ್ತಿದ್ದರು. ಇವನೊಬ್ಬ “ಮೆಲ್ಲಗೆ, ಮೆಲ್ಲಗೆ” ಎನ್ನುತ್ತ ಅದರ ಪಕ್ಕ ಕುಕ್ಕರುಗಾಲಲ್ಲಿ ಕೂತು ಜಿಪ್ ಎಳೆಯುತ್ತಿದ್ದ. ಹೆಸರು ಅಲ್ಲಿಂದ ಹುಟ್ಟಿದ್ದು.

“ಏನಕ್ಕ, ಪರೀಕ್ಷೆ ಶುರುನಾ? ನಾನು ಓದ್ಕೊಂಡು ಬಂದಿಲ್ಲ,” ಎಂದ ಮೆಲ್ಲಗಣ್ಣ.

“ಓದದೇ ಇದ್ರೂ ಪಾಸ್ ಮಾಡಿಸ್ತೀನಿ, ಕೂತ್ಕೊಳ್ಳಿ ಅಣ್ಣ.”

ಅವನು ಪಕ್ಕದ ಕುರ್ಚಿಯಲ್ಲಿ ಕೂತ. ಸುಟ್ಟ ತುದಿಗಳನ್ನು ಟ್ಯಾಬಿನ ಗಾಜು ಗುರುತಿಸುತ್ತಿರಲಿಲ್ಲ. “ಈ ಬೆರಳಿಗೆ ಮಣ್ಣಿನ ಭಾಷೆ ಬರ್ತದೆ ಅಕ್ಕ, ಗಾಜಿಂದು ಬರಲ್ಲ,” ಎಂದು ಮೊದಲ ಸಲವೇ ಹೇಳಿದ್ದ. ಹಾಗಾಗಿ ಸ್ಲೇಟಕ್ಕ ಇಬ್ಬರ ನಡುವೆ ಟ್ಯಾಬ್ ಹಿಡಿದು ಓದಿದಳು.

“ನಿದ್ದೆ?”

“ನಾನು ಮಲಗ್ತೀನಿ. ಅದು ಎದ್ದು ಕೂತಿರ್ತದೆ. ಮೂರು ಹಾಕಿ.”

ಊಟಕ್ಕೆ ಎರಡು, ಸುಸ್ತಿಗೆ ಎರಡು, ಮನಸ್ಸು ನಿಲ್ಲದ್ದಕ್ಕೆ ಒಂದು. ಉಳಿದದ್ದಕ್ಕೆಲ್ಲ “ಬಿಡಿ ಅಕ್ಕ, ಸೊನ್ನೆ” ಎಂದ. ಎಂಟು ಪ್ರಶ್ನೆ ಮುಗಿಯುವಾಗ ಎಂಟು ಅಂಕ. ಒಂಬತ್ತನೆಯದು ತೆರೆಯ ಮೇಲೆ ಬಂತು. ಮೆಲ್ಲಗಣ್ಣ ತೆರೆಯನ್ನು ನೋಡಿದ, ಆಮೇಲೆ ಅವಳ ಮುಖ ನೋಡಿದ, ಏನನ್ನೋ ಕಾಯುವವನ ಹಾಗೆ.

“ಕೊನೇದು ಅಣ್ಣ. ಅಂಥ ಕೆಟ್ಟ ಯೋಚನೆ ಏನೂ ಇಲ್ಲ ತಾನೆ?”

ಅವನು ತೆರೆಯ ಕಡೆಗೆ ಇನ್ನೊಮ್ಮೆ ಕಣ್ಣು ಹಾಯಿಸಿದ. “ಇಷ್ಟು ಪ್ರೀತಿಯಿಂದ ‘ಇಲ್ಲ ತಾನೆ’ ಅಂದ್ಮೇಲೆ ಇದೆ ಅನ್ನೋಕಾಗ್ತದಾ ಅಕ್ಕ? ಇಲ್ಲ.”

ಅವಳು ನಕ್ಕು ಸೊನ್ನೆ ಒತ್ತಿದಳು. ಹಸಿರು ಚುಕ್ಕೆ.

ಮಾತ್ರೆ ಚೀಟಿ ತೆಗೆದುಕೊಂಡು ಎದ್ದವನು ಜೇಬಿನಿಂದ ಒಂದು ನೀಲಿ ಪೆನ್ನು ತೆಗೆದು ಮೇಜಿನ ಮೇಲೆ ಇಟ್ಟ. “ನಾಲ್ಕು ತಿಂಗಳ ಹಿಂದೆ ಸಹಿ ಹಾಕೋಕೆ ಅಂತ ತಗೊಂಡಿದ್ದೆ. ಹಾಗೇ ಜೇಬಿಗೆ ಹೋಗಿತ್ತು. ಯಾರ ಋಣಾನೂ ಇಟ್ಕೋಬಾರದು.”

“ಅಯ್ಯೋ, ಒಂದು ಪೆನ್ನಿಗೆ ಋಣದ ಮಾತಾ?”

“ಸರಿ ಅಕ್ಕ, ಹೋಗ್ತೀನಿ.”

“ಹೋಗ್ತೀನಿ ಅನ್ಬಾರ್ದು ಅಣ್ಣ. ಬರ್ತೀನಿ ಅನ್ನಿ.”

ಮೆಲ್ಲಗಣ್ಣ ಬಾಗಿಲಲ್ಲಿ ತಿರುಗಿ ನಕ್ಕ. “ಅದೂ ನಿಮ್ಮ ಸ್ಲೇಟಲ್ಲಿರೋ ಪ್ರಶ್ನೆನಾ?” ಎಂದ. ಬರ್ತೀನಿ ಅನ್ನಲಿಲ್ಲ. ಮುಂದೆ ನಡೆದವರ ಹೆಜ್ಜೆಯ ಮೇಲೆಯೇ ಹೆಜ್ಜೆ ಇಡುವವನ ಹಾಗೆ ನಿಧಾನವಾಗಿ ಕಾರಿಡಾರು ದಾಟಿ ಹೋದ. ಸ್ಲೇಟಕ್ಕ ಪೆನ್ನನ್ನು ಕೈಯಲ್ಲಿ ತಿರುಗಿಸಿ ನೋಡಿದಳು. ಅಷ್ಟರಲ್ಲಿ ಮುಂದಿನವರು ಕೆಮ್ಮಿದರು.

ಹನ್ನೊಂದೂಕಾಲಿಗೆ ಡಾಕ್ಟರಮ್ಮ ಒಳಗೆ ಕರೆದಳು. ಸ್ಲೇಟಕ್ಕನ ಮಗಳ ವಯಸ್ಸಿನವಳು. ಮಾತು ಕಡಿಮೆ, ಕಣ್ಣು ಹೆಚ್ಚು. ಮೇಜಿನ ಮೇಲೆ ಏಳು ತಿಂಗಳ ಉತ್ತರಗಳ ಪಟ್ಟಿ ಮುದ್ರಿಸಿ ಇಟ್ಟುಕೊಂಡಿದ್ದಳು.

“ಅಕ್ಕ, ಒಂದು ವಿಚಿತ್ರ ನೋಡಿ. ಸ್ವಂತ ಕೈಯಲ್ಲಿ ಒತ್ತಿದ ಪೇಷಂಟುಗಳಲ್ಲಿ ಹತ್ತಕ್ಕೆ ಇಬ್ಬರು ಒಂಬತ್ತನೇದಕ್ಕೆ ಏನಾದ್ರೂ ಒಂದು ಅಂಕ ಒತ್ತಿದಾರೆ. ನಿಮ್ಮ ಸಹಾಯದಿಂದ ತುಂಬಿದವರು ಅರವತ್ತೆರಡು ಜನ. ಒಬ್ಬರೂ ಇಲ್ಲ. ಅರವತ್ತೆರಡೂ ಸೊನ್ನೆ.”

“ದೇವರು ದೊಡ್ಡೋನು ಮೇಡಂ.”

“ಅಥವಾ ನಿಮ್ಮ ಕೈಗುಣ.” ಡಾಕ್ಟರಮ್ಮ ನಗಲಿಲ್ಲ. “ನಾನೇ ಪೇಷಂಟ್ ಅಂದ್ಕೊಳ್ಳಿ. ನನಗೆ ಓದಿ ಹೇಳಿ.”

ಸ್ಲೇಟಕ್ಕ ಓದಿದಳು. ಎಂಟು ಪ್ರಶ್ನೆ ಅಕ್ಷರ ಬಿಡದೆ ಓದಿದಳು. ಒಂಬತ್ತನೆಯದಕ್ಕೆ ಬಂದು, ಬಾಯಿಗೆ ರೂಢಿಯಾದದ್ದನ್ನೇ ಹೇಳಿದಳು: “ಅಂಥ ಕೆಟ್ಟ ಯೋಚನೆ ಏನೂ ಇಲ್ಲ ತಾನೆ?”

ಡಾಕ್ಟರಮ್ಮ ತೆರೆಯ ಮೇಲೆ ಬೆರಳಿಟ್ಟಳು.

“ತೆರೆ ಮೇಲೆ ಹಾಗಿದೆಯಾ?”

“ಇಲ್ಲ ಮೇಡಂ. ಅರ್ಥ ಅದೇ ಅಲ್ವಾ.”

“ಅದರಲ್ಲಿ ‘ತಾನೆ’ ಎಲ್ಲಿದೆ ಅಕ್ಕ?”

ಸ್ಲೇಟಕ್ಕ ಬಗ್ಗಿ ನೋಡಿದಳು. ತೆರೆಯ ಮೇಲೆ ಎಲ್ಲೂ ಇರಲಿಲ್ಲ.

“ಇಲ್ಲ ತಾನೆ ಅಂತ ಕೇಳೋದು, ಬಾಗಿಲು ಮುಚ್ಚಿ ಚಿಲಕ ಹಾಕಿ ಒಳಗೆ ಬನ್ನಿ ಅಂದ ಹಾಗೆ,” ಎಂದಳು ಡಾಕ್ಟರಮ್ಮ. ಗದರಿಸಲಿಲ್ಲ. ಗದರಿಸಿದ್ದರೆ ಚೆನ್ನಾಗಿತ್ತು. “ಕೇಳಿದ್ರೆ ಆ ಯೋಚನೆ ಹೊಸದಾಗಿ ಹುಟ್ಟಲ್ಲ ಅಕ್ಕ. ಇದ್ದೋರಿಗೆ ಹೇಳೋಕೆ ದಾರಿ ಆಗ್ತದೆ, ಅಷ್ಟೆ. ಈ ಅರವತ್ತೆರಡು ಜನಾನೂ ನಾವು ಮತ್ತೆ ಕೇಳಬೇಕು. ಇವತ್ತು ಎಷ್ಟು ಜನಕ್ಕೆ ಓದಿದ್ರಿ?”

“ಮೂರು ಜನ. ಇಬ್ಬರು ಇನ್ನೂ ಹೊರಗೇ ಇದಾರೆ. ಇನ್ನೊಬ್ಬರು...”

ನೀಲಿ ಪೆನ್ನು ಕಣ್ಣ ಮುಂದೆ ಬಂತು. ಯಾರ ಋಣಾನೂ ಇಟ್ಕೋಬಾರದು. ಹೋಗ್ತೀನಿ. ಈ ಹಿಂದೆ ತಿಂಗಳಿಗೊಮ್ಮೆ ಬಂದಾಗಲೆಲ್ಲ, ಬೇರೇನೇ ಅಂದಿರಲಿ, ಹೊರಡುವಾಗ “ಬರ್ತೀನಿ ಅಕ್ಕ” ಅಂದಿದ್ದ. ಇವತ್ತು ತಾನೇ ನೆನಪಿಸಿದರೂ ಅನ್ನಲಿಲ್ಲ.

“ಮೇಡಂ, ಮೆಲ್ಲಗಣ್ಣ,” ಎಂದಳು.

ನಡೆದದ್ದನ್ನು ಕೇಳಿದ ಡಾಕ್ಟರಮ್ಮ ಅವನ ನಂಬರಿಗೆ ಫೋನು ಮಾಡಿದಳು. ಸ್ವಿಚ್ ಆಫ್. ದಾಖಲೆಯಲ್ಲಿದ್ದ ಇನ್ನೊಂದು ನಂಬರು ತಂಗಿಯದು, ಸ್ಲೇಟಕ್ಕ ಮಾಡಿದಳು. ಹೊಲಿಗೆ ಯಂತ್ರದ ಕಟಕಟ ಸದ್ದಿನ ನಡುವೆ ತಂಗಿಯ ದನಿ ಕೇಳಿಸಿತು.

“ಅಣ್ಣನಾ? ಬೆಳಿಗ್ಗೆ ಎಂಟಕ್ಕೇ ಬಂದಿದ್ದ. ಅವನ ನಾಯಿನ ನನ್ನ ಹತ್ರ ಬಿಟ್ಟು ಹೋದ. ಅದರ ತಟ್ಟೆ, ಹಗ್ಗ, ಹಾಸೋ ಗೋಣಿ, ಎಲ್ಲಾ ತಂದಿದಾನೆ. ಮಗಳನ್ನ ಗಂಡನ ಮನೆಗೆ ಕಳಿಸೋ ಹಾಗೆ! ಎಲ್ಲೋ ದೂರ ಹೊರಟಿರಬೇಕು.”

“ಎಲ್ಲಿಗೆ ಅಂದ್ರು?”

“ನಾನು ಕೇಳಲಿಲ್ಲಕ್ಕ. ಹೊರಟೋರನ್ನ ಎಲ್ಲಿಗೆ ಅಂತ ಕೇಳಬಾರದಲ್ಲ. ಇವತ್ತು ಅವನಿಗೆ ರಜ. ಆಸ್ಪತ್ರೆ ಮುಗಿಸ್ಕೊಂಡು ಕೋಣೆ ಬೀಗದ ಕೈ ಕೊಡೋಕೆ ನಿಲ್ದಾಣಕ್ಕೆ ಹೋಗ್ತೀನಿ ಅಂದ. ಯಾಕೆ, ಏನಾಯ್ತು?”

ಏನಿಲ್ಲಮ್ಮ ಎಂಬ ಮಾತು ಸ್ಲೇಟಕ್ಕನ ತುಟಿಯವರೆಗೆ ಬಂದಿತ್ತು. ನುಂಗಿದಳು. “ಗೊತ್ತಿಲ್ಲ ತಾಯಿ. ಕೇಳೋಕೇ ಹೊರಟಿದೀನಿ. ನೀನೂ ನಿಲ್ದಾಣಕ್ಕೆ ಬಾ. ಈಗಲೇ ಬಾ.”

ಆ ಕಡೆ ಹೊಲಿಗೆ ಯಂತ್ರ ನಿಂತಿತು.

ಡಾಕ್ಟರಮ್ಮ ತುರ್ತು ಸಹಾಯದವರಿಗೆ ಹೇಳಿದಳು. ಬರಲು ಅರ್ಧ ಗಂಟೆ ಎಂದರು. ಪಕ್ಕದ ಕೋಣೆಯಲ್ಲಿ ಆಗಲೇ ಕೆಂಪು ಚುಕ್ಕೆಯ ಇನ್ನೊಬ್ಬರು ಕೂತಿದ್ದರು. ಅವರನ್ನು ಬಿಟ್ಟು ಅವಳು ಆಸ್ಪತ್ರೆಯಿಂದ ಹೊರಡುವಂತಿರಲಿಲ್ಲ. “ವ್ಯಾನ್ ತಗೊಂಡು ನೀವು ಹೋಗಿ ಅಕ್ಕ. ಅವರಿಗೆ ನಿಮ್ಮ ದನಿ ಗೊತ್ತು. ನಾನು ಫೋನಲ್ಲಿ ನಿಮ್ಮ ಕಿವೀಲೇ ಇರ್ತೀನಿ. ಸಮಾಧಾನ ಹೇಳಬೇಡಿ, ಬುದ್ಧಿ ಹೇಳಬೇಡಿ. ಪ್ರಶ್ನೆ ಇದ್ದ ಹಾಗೇ ಕೇಳಿ. ಕೇಳಿ, ಉತ್ತರಕ್ಕೆ ಕಾಯಿರಿ.”

ಆಸ್ಪತ್ರೆಯ ವ್ಯಾನು ಓಡಿಸುವವನು ತಾನೂ ಹಿಂದೆ ಸೈನ್ಯದ ಲಾರಿ ಓಡಿಸಿದವನು, ನಾಲಿಗೆ ಚಪಲದ ಮನುಷ್ಯ. “ಏನಕ್ಕ, ಸ್ಲೇಟಿಗೂ ಸವಾರಿನಾ ಇವತ್ತು?” ಎಂದು ಬಾಗಿಲು ತೆರೆದವನು ಅವಳ ಮುಖ ನೋಡಿ ಬಾಯಿ ಮುಚ್ಚಿದ. ಎಲ್ಲಿಗೆ, ಯಾರಿಗಾಗಿ ಎಂದು ತಿಳಿದ ಮೇಲೆ ಗೇರು ಬದಲಿಸುವ ಸದ್ದು ಬಿಟ್ಟರೆ ಅವನಿಂದ ಬೇರೆ ಸದ್ದು ಬರಲಿಲ್ಲ.

ಎರಡನೆಯ ಸಿಗ್ನಲ್ಲಿನಲ್ಲಿ ಗಾಡಿಗಳು ಒಂದಕ್ಕೊಂದು ಅಂಟಿ ನಿಂತಿದ್ದವು. ಸ್ಲೇಟಕ್ಕ ಮಡಿಲಲ್ಲಿದ್ದ ಟ್ಯಾಬನ್ನು ನೋಡುತ್ತ ಸಾಲು ಒಪ್ಪಿಸತೊಡಗಿದಳು. ಕಳೆದ ಎರಡು ವಾರಗಳಲ್ಲಿ... ಅಲ್ಲಿಯವರೆಗೆ ಸಲೀಸು. ಮುಂದಿನ ಪದಕ್ಕೆ ನಾಲಿಗೆ ಕಲ್ಲಾಗುತ್ತಿತ್ತು. ಅಪ್ಪ ಓದುತ್ತಿದ್ದಾಗಲೂ ಹೀಗೇ. ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದಿದ್ದರೆ, ವೀರ ನೆಲಕ್ಕೊರಗುವ ಪದ್ಯ ಬಂದಾಗ ಅಪ್ಪ ಬೆರಳಿಗೆ ಎಂಜಲು ಹಚ್ಚಿ ಎರಡು ಹಾಳೆ ಒಟ್ಟಿಗೆ ಮಗುಚುತ್ತಿದ್ದರು. ಮೂಲೆಯಲ್ಲಿ ಕೂತ ಅಜ್ಜಿ, ಕಣ್ಣಿಲ್ಲದಿದ್ದರೂ ಕಿವಿಯಲ್ಲೇ ಹಿಡಿಯುತ್ತಿದ್ದಳು: “ಬಿಟ್ಯಲ್ಲೋ. ಬಿಟ್ಟ ಪದ್ಯ ಸುಮ್ನೆ ಕೂರಲ್ಲ ಕಣೋ. ಎದ್ದು ಬಂದು ಬಾಗಿಲು ತಟ್ತದೆ.” ಎಲ್ಲರೂ ನಗುತ್ತಿದ್ದರು. ಈಗ ನಲವತ್ತು ವರ್ಷದ ಮೇಲೆ ಅದು ತಟ್ಟುತ್ತಿತ್ತು.

“ಏನು ಗೊಣಗ್ತಿದೀರ ಅಕ್ಕ?” ಎಂದಳು ಕಿವಿಯೊಳಗಿಂದ ಡಾಕ್ಟರಮ್ಮ.

“ಬಾಯಿಪಾಠ ಮೇಡಂ.”

“ಅಣ್ಣಾ, ಹಾರ್ನ್ ಹೊಡೀರಿ,” ಎಂದಳು ಸ್ಲೇಟಕ್ಕ ಚಾಲಕನಿಗೆ.

“ಹೊಡೆದ್ರೆ ಮುಂದಿನ ಬಸ್ಸಿಗೆ ರೆಕ್ಕೆ ಬರಲ್ಲಕ್ಕ,” ಎಂದ ಅವನು. ಆದರೂ ಹೊಡೆದ. ಹಸಿರು ಬೀಳುವವರೆಗೆ ಕೈ ತೆಗೆಯಲಿಲ್ಲ.

ಬಸ್ ನಿಲ್ದಾಣದ ಕೊನೆಯಲ್ಲಿ, ಶೌಚಾಲಯಕ್ಕೂ ವಿಚಾರಣೆಯ ಕಿಟಕಿಗೂ ನಡುವಿನ ಓಣಿಯಲ್ಲಿ ಆ ಕೋಣೆ. ಎದುರಿಗೆ ತಂತಿಬಲೆಯ ಕೌಂಟರು, ಅದರಲ್ಲಿ ಸಾಮಾನು ದಾಟಿಸಲು ಒಂದು ಗೇಣು ಅಗಲದ ಕಿಂಡಿ. ‘ಮುಚ್ಚಿದೆ’ ಎಂಬ ಹಲಗೆ ತೂಗುತ್ತಿತ್ತು. ಒಳಗೆ ದೀಪವಿತ್ತು. ಪಕ್ಕದ ಬಾಗಿಲನ್ನು ಚಾಲಕ ಮೆಲ್ಲನೆ ನೂಕಿ ನೋಡಿದ, ಒಳಗಿನಿಂದ ಚಿಲಕ. ಅವನು ಅವಳತ್ತ ತಲೆಯಾಡಿಸಿ ಗೋಡೆಗೊರಗಿ ನಿಂತ.

ತಂತಿಬಲೆಯ ಆಚೆ ಕಪಾಟುಗಳ ತುಂಬ ಛತ್ರಿಗಳು, ಹೆಲ್ಮೆಟ್ಟುಗಳು, ಒಂಟಿ ಚಪ್ಪಲಿಗಳು, ಒಂದು ಊರುಗೋಲು. ಒಂದೊಂದಕ್ಕೂ ದಾರ ಕಟ್ಟಿ ಚೀಟಿ ತೂಗುಹಾಕಲಾಗಿತ್ತು, ಪರೀಕ್ಷಕರು ಬರುವ ದಿನದ ಶಾಲೆಯ ಹಾಗೆ ಎಲ್ಲವೂ ಸಾಲಾಗಿ. ಮೆಲ್ಲಗಣ್ಣ ಮೇಜಿನ ಮುಂದೆ, ಎರಡು ಮೊಂಡು ಬೆರಳ ನಡುವೆ ಪೆನ್ಸಿಲು ಸಿಕ್ಕಿಸಿ ಏನೋ ಬರೆಯುತ್ತಿದ್ದ. ಬೀಗದ ಕೈಗೊಂಚಲು ಕೌಂಟರಿನ ಅಂಚಿನಲ್ಲಿತ್ತು. ಕೆಳಗಿನ ಕಪಾಟಿನಲ್ಲಿ ಒಂದು ಖಾಕಿ ಚೀಲ. ಪ್ರತಿ ತಿಂಗಳೂ ಅವನ ಹೆಗಲಲ್ಲಿ ನೋಡಿದ ಚೀಲ. ಅದಕ್ಕೂ ಚೀಟಿ ಕಟ್ಟಿತ್ತು. ಇವತ್ತಿನ ತಾರೀಕು, ಅದರ ಕೆಳಗೆ: ‘ವಾರಸುದಾರರು ಇಲ್ಲ.’

ಸ್ಲೇಟಕ್ಕ ಆ ಚೀಟಿಯನ್ನು ಎರಡು ಸಲ ಓದಿದಳು. ಬಲೆಯನ್ನು ಹಿಡಿದುಕೊಂಡಳು.

“ಅಣ್ಣ.”

ಅವನು ತಲೆ ಎತ್ತಿದ. ಬೆಚ್ಚಲಿಲ್ಲ. “ಏನಕ್ಕ, ಏನು ಕಳ್ಕೊಂಡ್ರಿ?” ಎಂದ, ಬಂದವರನ್ನೆಲ್ಲ ಕೇಳುವ ಹಾಗೆ.

“ಒಂದು ಪ್ರಶ್ನೆ.”

“ಸ್ಲೇಟು ಹೊತ್ಕೊಂಡು ಬಂದ್ರಾ? ಪರೀಕ್ಷೆ ಮುಗೀತಲ್ಲ. ಪಾಸ್ ಮಾಡಿಸಿದ್ರಲ್ಲ.”

“ನಾನು ತಪ್ಪು ಓದಿದೀನಿ ಅಣ್ಣ. ಇನ್ನೊಂದು ಸಲ ಓದ್ತೀನಿ.”

“ಬೇಡ ಬಿಡಿ ಅಕ್ಕ.” ಅವನ ದನಿ ಮೊದಲ ಬಾರಿಗೆ ಗಡುಸಾಯಿತು. “ಮನೆಗೆ ಹೋಗಿ.”

ಹಿಂದೆ ಯಾವುದೋ ಬಸ್ಸು ಹೊರಡುವ ಕೂಗು, ಯಾರೋ ಓಡುವ ಸದ್ದು. ಕಿವಿಯೊಳಗೆ ಡಾಕ್ಟರಮ್ಮನ ಉಸಿರು. ಅಮ್ಮನ ಎರಡು ಬೆರಳು ತುಟಿಯ ಮೇಲೆ ಇದ್ದಂತೆಯೇ ಇತ್ತು. ಸ್ಲೇಟಕ್ಕ ಟ್ಯಾಬನ್ನು ಬಲೆಗೆ ಒತ್ತಿ ಹಿಡಿದು, ಅಪ್ಪ ಪದ್ಯ ಎತ್ತಿಕೊಳ್ಳುವಾಗ ಬೆನ್ನು ನೆಟ್ಟಗೆ ಮಾಡುತ್ತಿದ್ದ ಹಾಗೆ ನೆಟ್ಟಗೆ ನಿಂತು, ಒಂದಕ್ಷರ ಬಿಡದೆ ಓದಿದಳು.

“ಕಳೆದ ಎರಡು ವಾರಗಳಲ್ಲಿ, ಸತ್ತುಹೋದರೆ ಒಳ್ಳೆಯದು ಎಂದಾಗಲಿ, ನಿಮಗೆ ನೀವೇ ಹಾನಿ ಮಾಡಿಕೊಳ್ಳಬೇಕು ಎಂದಾಗಲಿ, ನಿಮಗೆ ಎಷ್ಟು ಸಲ ಅನ್ನಿಸಿದೆ?”

ಓದಿ ಮುಗಿಸಿದಳು. ಮೇಲೆ ಏನೂ ಸೇರಿಸಲಿಲ್ಲ. ಸೇರಿಸಬೇಕೆಂದು ಬಾಯಿ ಹಪಹಪಿಸುತ್ತಿತ್ತು. ಹಲ್ಲು ಕಚ್ಚಿ ಕಾದಳು.

ಮೆಲ್ಲಗಣ್ಣ ಪೆನ್ಸಿಲನ್ನು ನೋಡುತ್ತಿದ್ದ. ಅದನ್ನು ಮೇಜಿನ ಮೇಲೆ ಮಲಗಿಸಿದ. ಅದು ಉರುಳಿತು, ಅಂಗೈಯಲ್ಲಿ ತಡೆದ.

“ನನ್ನ ಬೆರಳು ಹೋಗಿದೆ ಅಕ್ಕ,” ಎಂದ. “ಕಣ್ಣು ಹೋಗಿಲ್ಲ.”

ಅವಳಿಗೆ ಮೊದಲು ಅರ್ಥವಾಗಲಿಲ್ಲ.

“ಪ್ರತಿ ತಿಂಗಳೂ ಓದ್ತಿದ್ದೆ. ನೀವು ಹಿಡ್ಕೊಂಡಿರೋ ಗಾಜಿನ ಮೇಲೆ ಅಷ್ಟು ದೊಡ್ಡದಾಗಿ ಬರೆದಿರ್ತಿತ್ತು. ಈ ಸಲ ಕೇಳ್ತಾರೆ, ಕೇಳಿದ್ರೆ ಹೇಳಿಬಿಡೋಣ ಅಂತ ಬರ್ತಿದ್ದೆ. ನೀವು ಅಲ್ಲಿಗೆ ಬಂದ ತಕ್ಷಣ ನಿಮ್ಮ ದನಿ ನಡುಗ್ತಿತ್ತು. ಪಾಪ, ಈ ಹೆಣ್ಣುಮಗಳಿಗೆ ಯಾಕೆ ಹೆದರಿಕೆ ಹುಟ್ಟಿಸೋದು ಅಂತ ಇಲ್ಲ ಅಂತಿದ್ದೆ.”

ಸ್ಲೇಟಕ್ಕನ ಕಣ್ಣು ತುಂಬಿತು. ಒರೆಸಿಕೊಳ್ಳಲಿಲ್ಲ. “ಈಗ ನಡುಗ್ತಿಲ್ಲ ಅಣ್ಣ. ಹೇಳಿ.”

“ಹೆಚ್ಚುಕಡಿಮೆ ದಿನವೂ,” ಎಂದ ಮೆಲ್ಲಗಣ್ಣ.

“‘ಇವತ್ತು’ ಅಂತ ಕೇಳಿ,” ಎಂದಳು ಕಿವಿಯೊಳಗಿಂದ ಡಾಕ್ಟರಮ್ಮ.

“ಇವತ್ತೂ ಇದೆಯಾ?”

“ಇವತ್ತೇ ಅಂತ ಇದ್ದೆ.”

“ಅದಕ್ಕೆ ಅಂತ ಕೈಗೆ ಸಿಗೋ ಹಾಗೆ ಏನಾದ್ರೂ ಇಟ್ಕೊಂಡಿದೀರಾ?” ಕಿವಿಯಲ್ಲಿ ಬಿದ್ದ ಮಾತನ್ನು ಅವಳು ಹಾಗೆಯೇ ದಾಟಿಸಿದಳು, ಒಂದು ಪದವನ್ನೂ ಮೆದು ಮಾಡದೆ.

ಅವನು ಮೇಜಿನ ಖಾನೆಯನ್ನು ನೋಡಿದ. ಓಣಿಯ ಗೋಡೆಗೊರಗಿದ್ದ ಚಾಲಕ ಒಂದು ಹೆಜ್ಜೆ ಮುಂದೆ ಬಂದ. ಕೊನೆಗೆ ಮೆಲ್ಲಗಣ್ಣ ಖಾನೆ ಎಳೆದು, ಬಟ್ಟೆಯಲ್ಲಿ ಸುತ್ತಿದ ಒಂದು ಪೊಟ್ಟಣವನ್ನು ಎರಡೂ ಅಂಗೈಯಲ್ಲಿ ಎತ್ತಿ ತಂದು ಕಿಂಡಿಯಲ್ಲಿಟ್ಟ. “ಮೆಲ್ಲಗೆ,” ಎಂದ, ಅಭ್ಯಾಸಬಲ. ಸ್ಲೇಟಕ್ಕ ತೆಗೆದುಕೊಂಡಳು, ಒಳಗೇನಿದೆಯೆಂದು ನೋಡದೆ ಚಾಲಕನ ಕೈಗೆ ಕೊಟ್ಟಳು. ಅವನು ಅದನ್ನು ಹಿಡಿದು ಬೇಗಬೇಗ ಓಣಿಯಾಚೆ ನಡೆದ.

“ಚಿಲಕ ತೆಗೀರಿ ಅಣ್ಣ.”

“ಅದು ಕಷ್ಟ ಅಕ್ಕ. ತುಕ್ಕು ಹಿಡಿದಿದೆ. ಹಾಕೋಕೇ ಹತ್ತು ನಿಮಿಷ ಹಿಡೀತು.”

“ತೆಗೆಯೋಕೂ ಹತ್ತು ನಿಮಿಷ ಹಿಡೀಲಿ. ನಾನೆಲ್ಲೂ ಹೋಗಲ್ಲ.”

ಅವನು ಬಾಗಿಲ ಹತ್ತಿರ ಹೋದ. ಈಗ ಬಲೆಯಿಂದ ಅವನು ಕಾಣುತ್ತಿರಲಿಲ್ಲ. ಕಬ್ಬಿಣ ಕೆರೆಯುವ ಸದ್ದು ಬಂತು, ನಿಂತಿತು. ಮತ್ತೆ ಬಂತು. ಮತ್ತೆ ನಿಂತಿತು. ಈ ಸಲ ಬಹಳ ಹೊತ್ತು ನಿಂತಿತು. ಸ್ಲೇಟಕ್ಕ ಬಾಗಿಲಿಗೆ ಹಣೆ ಹಚ್ಚಿ, ಗೊತ್ತಿದ್ದ ದೇವರ ಹೆಸರುಗಳನ್ನೆಲ್ಲ ಮನಸ್ಸಿನಲ್ಲಿ ಹೇಳಿಕೊಂಡಳು; ಬಾಯಿಂದ ಮಾತ್ರ, “ಇದೀನಿ ಅಣ್ಣ, ಇಲ್ಲೇ ಇದೀನಿ,” ಎನ್ನುತ್ತಲೇ ಇದ್ದಳು.

ಚಿಲಕ ಠಣ್ ಎಂದು ಬಿತ್ತು.

ಬಾಗಿಲು ತೆರೆಯುವುದಕ್ಕೂ, ಕೊರಳಿಗೆ ಅಳತೆಯ ಟೇಪು ಹಾಕಿಕೊಂಡೇ ಓಡಿಬಂದ ತಂಗಿ ಓಣಿ ಹೊಗುವುದಕ್ಕೂ ಸರಿಹೋಯಿತು. ಅವಳು ಅಣ್ಣನನ್ನು ನೋಡಿದಳು, ಕಪಾಟಿನ ಚೀಲವನ್ನು ನೋಡಿದಳು, ಚೀಟಿಯನ್ನು ಓದಿದಳು. ಚೀಟಿಯನ್ನು ದಾರ ಸಮೇತ ಕಿತ್ತು ಮುದುರಿ, ಅವನ ಅಂಗಿಯ ಎದೆ ಹಿಡಿದಳು.

“ಎಲ್ಲಿಗೆ ಹೊರಟಿದ್ದೆ?”

ಅವನು ತಲೆ ತಗ್ಗಿಸಿದ.

“ಬೆಳಿಗ್ಗೆ ನಾನು ಕೇಳಲಿಲ್ಲ. ಈಗ ಕೇಳ್ತಿದೀನಿ. ಎಲ್ಲಿಗೆ? ಆ ನಾಯಿ ಬೆಳಿಗ್ಗೆಯಿಂದ ಬಾಗಿಲು ಕೆರೀತಿದೆ. ಅದಕ್ಕೆ ಏನಂತ ಹೇಳಲಿ? ಹೇಳೋ, ಎಲ್ಲಿಗೆ?”

ಮೆಲ್ಲಗಣ್ಣ ಅವಳ ಮುಷ್ಟಿಯ ಮೇಲೆ ತನ್ನ ಮೊಂಡು ಬೆರಳುಗಳನ್ನಿಟ್ಟು ಹಾಗೆಯೇ ನೆಲದ ಮೇಲೆ ಕುಸಿದು ಕೂತ. ಅವಳೂ ಕೂತಳು. ತುರ್ತು ಸಹಾಯದವರು ಬಂದಾಗ ಮೂವರೂ ಒಂಟಿ ಚಪ್ಪಲಿಗಳ ಕಪಾಟಿನ ಕೆಳಗೆ ಕೂತಿದ್ದರು.

ಆಸ್ಪತ್ರೆಗೆ ವಾಪಸು ಬಂದಾಗ ಎರಡು ಗಂಟೆ. ಸ್ಲೇಟಕ್ಕ ಟ್ಯಾಬಿನಲ್ಲಿ ಹೊಸ ಹಾಳೆ ತೆರೆದು ಒಂಬತ್ತನ್ನೂ ಮೊದಲಿನಿಂದ ಓದಿದಳು. ಬೆಳಿಗ್ಗೆ “ಬಿಡಿ ಅಕ್ಕ, ಸೊನ್ನೆ” ಎಂದಿದ್ದ ಪ್ರಶ್ನೆಗಳಿಗೂ ಈಗ ಬೇರೆ ಉತ್ತರ ಬಂತು. ಮೊತ್ತ ಇಪ್ಪತ್ತೊಂದು. ಕೊನೆಯ ಮೂರನ್ನು ಒತ್ತಿದಾಗ ಕೆಂಪು ಚುಕ್ಕೆ ಎದ್ದು, ಒಳಗೆ ಗಂಟೆ ಬಾರಿಸಿತು. ಡಾಕ್ಟರಮ್ಮ ತಾನೇ ಎದ್ದು ಬಂದು ಬಾಗಿಲು ತೆರೆದು ಹಿಡಿದಳು. ಅವನು ಇವತ್ತು ಮನೆಗೆ ಹೋಗುವುದಿಲ್ಲ, ಕೆಲವು ದಿನ ಇಲ್ಲೇ ಎಂದು ತಂಗಿಗೆ ಹೇಳಿದಳು.

ಮೆಲ್ಲಗಣ್ಣ ಹೊಸ್ತಿಲವರೆಗೆ ಹೋಗಿ ತಿರುಗಿದ. ಬರ್ತೀನಿ ಎನ್ನುತ್ತಾನೆಂದು ಸ್ಲೇಟಕ್ಕ ಕಾದಳು. ಅನ್ನಲಿಲ್ಲ. ಸುಳ್ಳು ಹೇಳುವ ಶಕ್ತಿಯೂ ಆ ಮುಖದಲ್ಲಿ ಉಳಿದಿರಲಿಲ್ಲ.

“ಆ ಪೆನ್ನು ಕೊಡಿ ಅಕ್ಕ. ಒಳಗೆ ಎಷ್ಟು ಕಡೆ ಸಹಿ ಹಾಕಿಸ್ಕೋತಾರೋ,” ಎಂದ.

ಅವಳು ಕೊಟ್ಟಳು. ಅವನು ಜೇಬಿಗೆ ಸಿಕ್ಕಿಸಿಕೊಂಡ. ಬಾಗಿಲು ಮುಚ್ಚಿತು.

ಮೇಜಿನ ಮೇಲೆ ಡಾಕ್ಟರಮ್ಮ ಬಿಟ್ಟುಹೋದ ಪಟ್ಟಿ ಇತ್ತು. ಅರವತ್ತೆರಡರಲ್ಲಿ ಇವತ್ತು ಮೂವರನ್ನು ಕೇಳಿ ಆಗಿತ್ತು. ಹೊರಗೆ ಕಾದಿದ್ದ ಇಬ್ಬರನ್ನು ಡಾಕ್ಟರಮ್ಮನೇ ಒಳಗೆ ಕರೆದು ಕೇಳಿದ್ದಳು. ಉಳಿದ ಐವತ್ತೊಂಬತ್ತು ಹೆಸರಿನ ಮುಂದೆ ಫೋನ್ ನಂಬರು. ಸ್ಲೇಟಕ್ಕ ನೀರು ಕುಡಿದಳು. ಮೊದಲನೆಯ ನಂಬರು ಒತ್ತಿದಳು. ಸೈನ್ಯದಲ್ಲಿ ಅಡುಗೆ ಮಾಡಿಕೊಂಡಿದ್ದ ಅಜ್ಜ ಅವರು. ಎರಡು ಕಣ್ಣಿಗೂ ಪೊರೆ, ಬಾಯಿ ಮಾತ್ರ ಸಿಡಿಮದ್ದು.

“ಯಾರು? ಸ್ಲೇಟಕ್ಕನಾ? ಏನವ್ವ, ನನ್ನ ನೆನಪು ಹೇಗೆ ಬಂತು?”

“ಅಜ್ಜಾ, ಒಂದು ಪ್ರಶ್ನೆ ಸರಿಯಾಗಿ ಕೇಳಿರಲಿಲ್ಲ. ಈಗ ಕೇಳ್ತೀನಿ.” ಅವಳು ಬೆನ್ನು ನೆಟ್ಟಗೆ ಮಾಡಿ ಓದಿದಳು, ಕಳೆದ ಎರಡು ವಾರಗಳಲ್ಲಿ ಎಂಬಲ್ಲಿಂದ ಅನ್ನಿಸಿದೆ ಎಂಬಲ್ಲಿಯವರೆಗೆ.

“ಅಯ್ಯಯ್ಯೋ!” ಎಂದರು ಅಜ್ಜ. “ನಿಮ್ಮ ಬಾಯಲ್ಲಿ ಇದೆಂಥ ಮಾತವ್ವ, ಹಗಲು ಹೊತ್ತಲ್ಲಿ! ಬಿಡ್ತು ಅನ್ನಿ, ಬಿಡ್ತು ಅನ್ನಿ.”

“ಬಿಡಲ್ಲ ಅಜ್ಜ,” ಎಂದಳು ಸ್ಲೇಟಕ್ಕ. “ಉತ್ತರ ಹೇಳಿ.”

ಆ ಕಡೆ ಅಜ್ಜ ನಗತೊಡಗಿದರು. ನಗು ನಡುವೆಯೇ ನಿಂತಿತು. ಅವಳು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದು ಕಾದಳು.